ಅನ್ನಕ್ಕಿಡುವ ಮುನ್ನ ಒಂದು ಹಿಡಿ

ಪ್ರಿಯ ಓದುಗ ಮಿತ್ರರೆ,

ನಿಮ್ಮ ಕಾಗದ ಕೈಸೇರಿತು. ಮಿಜೋರಂ ಬಗ್ಗೆ ನಾನು ಬರೆದ ನಾಲ್ಕು ಸಾಲಿಗೆ ನೀವು ನಾಲ್ಕು ಪುಟದ ತಕರಾರು ತೆಗೆದಿದ್ದೀರಿ, ಸಂತೋಷವಾಯಿತು. "ಮಿಷನ್ ಅಂದರೆ ಕೊನೆಗೆ ಹೊರದೇಶದ ದುಡ್ಡು ತಾನೇ? ದುಡ್ಡು ಎಲ್ಲಿಂದ ಬಂತು, ಅದನ್ನು ಯಾರು ಖರ್ಚು ಮಾಡಿದರು ಅಂತ ತಿಳಿದರೆ ಉಳಿದದ್ದೆಲ್ಲ ತಿಳಿದ ಹಾಗೆ" ಅಂದಿದ್ದೀರಿ. ಜೀವನವಿಡೀ ಬ್ಯಾಂಕಿನ ಲೆಡ್ಜರು ತಿರುವಿದವರು ನೀವು. ಹಾಗೆ ಕೇಳುವುದು ಸಹಜ. ನಿಮ್ಮ ಮೊದಲ ಮಾತಿಗೆ ನನ್ನ ತಕರಾರಿದೆ, ಎರಡನೆಯದಕ್ಕೆ ಇಲ್ಲ. ಹಾಗಾಗಿ ಮಿಜೋರಂನ ಪ್ರೆಸ್ಬಿಟೇರಿಯನ್ ಸಭೆಯ ಕತೆಯನ್ನು ನಿಮ್ಮ ದಾರಿಯಲ್ಲೇ ಹೇಳುತ್ತೇನೆ, ಜಮಾ ಖರ್ಚಿನ ಪುಸ್ತಕ ಮುಂದಿಟ್ಟುಕೊಂಡು.

ಮೊದಲ ಕಂತು ಹೊರದೇಶದ್ದೇ, ಅನುಮಾನವಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ರಾಬರ್ಟ್ ಆರ್ತಿಂಗ್ಟನ್ ಎಂಬ ಸಿರಿವಂತನಿದ್ದ. ದೊಡ್ಡ ಮನೆ ಇದ್ದೂ ಒಂದೇ ಕೋಣೆಯಲ್ಲಿ ಬದುಕಿ, ಊರವರ ಬಾಯಲ್ಲಿ ಜಿಪುಣ ಅನ್ನಿಸಿಕೊಂಡ. ತನಗಾಗಿ ಖರ್ಚು ಮಾಡದ ದುಡ್ಡನ್ನೆಲ್ಲ ಮಿಷನ್ ಕೆಲಸಕ್ಕೆ ಸುರಿದ. ಅವನು ಕಳಿಸಿದ ಲೊರೇನ್ ಮತ್ತು ಸ್ಯಾವಿಜ್ ಎಂಬಿಬ್ಬರು ದೋಣಿಯಲ್ಲಿ ನದಿ ಏರಿ 1894ರ ಜನವರಿ 11ರಂದು ಸೈರಾಂಗ್‌ನಲ್ಲಿ ಇಳಿದರು. ಅದೇ ಸೈರಾಂಗಿಗೆ 2025ರಲ್ಲಿ ರೈಲು ಬಂದಿದೆ. ಜನವರಿ 11 ಈಗಲೂ ಮಿಜೋರಂನಲ್ಲಿ ಸರಕಾರಿ ರಜೆ.

ನಿಮಗೊಂದು ಕಾಕತಾಳೀಯ ಹೇಳಬೇಕು. ಅದೇ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಮ್ಮ ಕಿಟ್ಟೆಲರ ನಿಘಂಟು ಹೊರಬಂತು. ಇಲ್ಲಿ ಸಾವಿರ ವರ್ಷದ ಸಾಹಿತ್ಯವಿದ್ದ ಭಾಷೆಗೆ ಒಬ್ಬ ಜರ್ಮನ್ ಪಾದ್ರಿ ಕೋಶ ಕಟ್ಟಿ ಮುಗಿಸಿದರೆ, ಅಲ್ಲಿ ಬರಹವೇ ಇಲ್ಲದ ಭಾಷೆಗೆ ಇಬ್ಬರು ಇಂಗ್ಲಿಷರು ರೋಮನ್ ಅಕ್ಷರ ಹೊಂದಿಸಲು ಕೂತಿದ್ದರು. ಆ ಅಕ್ಷರಗಳಲ್ಲೇ ಮಿಜೋ ಜನ ಇವತ್ತಿಗೂ ಪತ್ರಿಕೆ ಓದುತ್ತಾರೆ. ಲೊರೇನ್ ಅಲ್ಲಿಗೆ ಬಿಡಲಿಲ್ಲ. ಅವನ ದೊಡ್ಡ ನಿಘಂಟು 1940ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು.

ಆದರೆ ಆರ್ತಿಂಗ್ಟನ್‌ಗೆ ಅವಸರ. ಕ್ರಿಸ್ತನ ಎರಡನೆಯ ಬರುವಿಕೆ ಹತ್ತಿರವಾಗಿದೆ, ಸುವಾರ್ತೆ ಸಾರಿ ಮುಂದಿನ ಊರಿಗೆ ಹೊರಡಬೇಕು ಅನ್ನುವುದು ಅವನ ನಂಬಿಕೆ. ಒಂದೇ ಕಡೆ ಬೇರು ಬಿಡುವುದು ಅವನಿಗೆ ಹಿಡಿಸದು. ನಾಲ್ಕು ವರ್ಷ ತುಂಬುವಷ್ಟರಲ್ಲಿ ಇಬ್ಬರನ್ನೂ ಅಲ್ಲಿಂದ ಎಬ್ಬಿಸಿದ. ಧನಿಯೊಬ್ಬನ ಜೇಬಿನಿಂದ ನಡೆಯುವ ಕೆಲಸದ ಪಾಡೇ ಹೀಗೆ. ಧನಿಯ ಮನಸ್ಸು ತಿರುಗಿದತ್ತ ಕೆಲಸವೂ ತಿರುಗುತ್ತದೆ.

ಆ ಜಾಗಕ್ಕೆ 1897ರಲ್ಲಿ ವೇಲ್ಸಿನ ಪ್ರೆಸ್ಬಿಟೇರಿಯನ್ನರು ಬಂದರು, ಮೊದಲು ಡಿ.ಇ. ಜೋನ್ಸ್, ಮರುವರ್ಷ ಎಡ್ವಿನ್ ರೋಲೆಂಡ್ಸ್. ಈಗಿನ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಇವರ ಮಿಷನ್ 1841ರಿಂದಲೇ ಇತ್ತು. ಲೊರೇನ್, ಸ್ಯಾವಿಜ್ ಆಮೇಲೆ 1903ರಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಪರವಾಗಿ ದಕ್ಷಿಣ ಭಾಗಕ್ಕೆ ಮರಳಿ ಬಂದರು. ಹಾಗಾಗಿ ಇಂದಿಗೂ ಉತ್ತರ ಮಿಜೋರಂ ಪ್ರೆಸ್ಬಿಟೇರಿಯನ್, ದಕ್ಷಿಣ ಬ್ಯಾಪ್ಟಿಸ್ಟ್.

ಪ್ರೆಸ್ಬಿಟೇರಿಯನ್ ಅಂದರೆ ಏನು ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬಿಷಪ್ಪರಿಲ್ಲದ ಸಭೆ. ಊರಿನ ಸಭೆ ತನ್ನ ಹಿರಿಯರನ್ನು ತಾನೇ ಆರಿಸುತ್ತದೆ. ಪಾಸ್ಟರು ಮತ್ತು ಹಿರಿಯರು ಕೂಡಿ ಆಡಳಿತ ನೋಡುತ್ತಾರೆ. ಊರುಗಳ ಮೇಲೆ ಪ್ರೆಸ್ಬಿಟೆರಿ, ಅದರ ಮೇಲೆ ಸಿನಡ್. ಜಿನೀವದ ಕಾಲ್ವಿನ್, ಸ್ಕಾಟ್ಲೆಂಡಿನ ಜಾನ್ ನಾಕ್ಸ್ ಕಾಲದಿಂದ ಬಂದ ಏರ್ಪಾಡು. ಗ್ರಾಮ ಪಂಚಾಯಿತಿಯ ಹಾಗೆ ಕೆಳಗಿನಿಂದ ಮೇಲಕ್ಕೆ ಕಟ್ಟಿದ್ದು ಅಂದುಕೊಳ್ಳಿ, ಸಾಕು.

ವೇಲ್ಸಿನವರ ದುಡ್ಡು ಆರ್ತಿಂಗ್ಟನ್ನನ ದುಡ್ಡಿನಂಥದ್ದಲ್ಲ. ಕಲ್ಲಿದ್ದಲು, ಸ್ಲೇಟ್ ಗಣಿಗಳ ಕೂಲಿಗಳು ತುಂಬಿದ ಚಾಪೆಲುಗಳಲ್ಲಿ ಕಾಸು ಕಾಸಾಗಿ ಕೂಡಿದ್ದು. ಅವರು ಕಳಿಸಿದವರಲ್ಲಿ ನನಗೆ ಅಚ್ಚುಮೆಚ್ಚು ಪೀಟರ್ ಫ್ರೇಜರ್ ಎಂಬ ಡಾಕ್ಟರು. 1908ರಲ್ಲಿ, ಮಿಜೋರಂನ ಈಗಿನ ರಾಜಧಾನಿ ಐಜಾಲಿಗೆ ಬಂದ. ಮದ್ದು ಕೊಡುತ್ತ ಇದ್ದಿದ್ದರೆ ಯಾರ ತಂಟೆಯೂ ಇರುತ್ತಿರಲಿಲ್ಲ. ಆದರೆ ಅಲ್ಲಿನ ಹಳ್ಳಿ ಮುಖ್ಯಸ್ಥರ ಮನೆಗಳಲ್ಲಿ 'ಬೊಯ್' ಎಂಬ ಜೀತದಾಳುಗಳಿದ್ದರು. ಹೊಟ್ಟೆಗಿಲ್ಲದೆ ಆಶ್ರಯ ಬೇಡಿ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಬಿಡುಗಡೆ ಬೇಕೆಂದರೆ ಹಣ ಕಟ್ಟಬೇಕು. ಬ್ರಿಟಿಷ್ ಅಧಿಕಾರಿಗಳು ಇದು ಜೀತವಲ್ಲ, ಸ್ಥಳೀಯ ಪದ್ಧತಿ ಅಂತ ಕಣ್ಣು ಮುಚ್ಚಿಕೊಂಡಿದ್ದರು. ಮುಖ್ಯಸ್ಥರನ್ನು ಎದುರು ಹಾಕಿಕೊಂಡರೆ ಬೆಟ್ಟ ಆಳುವುದು ಹೇಗೆ? ಫ್ರೇಜರ್ ಇದನ್ನು ಜೀತ ಅಂತಲೇ ಕರೆದ, ಲಂಡನ್ನಿನವರೆಗೂ ದೂರು ಒಯ್ದ. ಕೊನೆಗೆ ಆಡಳಿತ ಅವನನ್ನೇ ಆ ಬೆಟ್ಟಗಳಿಂದ ಹೊರಗೆ ಹಾಕಿತು. ಮಿಷನರಿ ಅಂದರೆ ಬ್ರಿಟಿಷ್ ಸರಕಾರದ ಬಾಲ ಅನ್ನುವವರಿಗೆ ನಾನು ಫ್ರೇಜರನ ಹೆಸರು ಹೇಳುತ್ತೇನೆ. ಅವನ ಪರವಾಗಿ ಮಿಷನ್ನು ಗಟ್ಟಿಯಾಗಿ ನಿಲ್ಲಲಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಈಗ ನನ್ನ ಲೆಡ್ಜರಿನ ಮುಖ್ಯ ಪುಟ.

1910ರ ಹೊತ್ತಿಗೆ ಐಜಾಲಿನ ಮಿಷನ್ ವೆಂಗ್ ಕೇರಿಯ ಹೆಂಗಸರು ಒಂದು ರೂಢಿ ಹಾಕಿಕೊಂಡರು. ಖಾಸಿ ಹೆಂಗಸರಿಂದ ಕಲಿತದ್ದು. ಅನ್ನಕ್ಕೆಂದು ಅಕ್ಕಿ ಅಳೆದ ಮೇಲೆ, ತೊಳೆಯುವ ಮುನ್ನ, ಅದರಿಂದ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಬೇರೆ ಪಾತ್ರೆಗೆ ಹಾಕುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಲೆ ಹೊತ್ತಿದಾಗಲೆಲ್ಲ. ಮಿಜೋ ಭಾಷೆಯಲ್ಲಿ ಇದು 'ಬುಹ್‌ಫಾಯ್ ಥಾಮ್'. ಗಮನಿಸಿ, ಇದು ಉಂಡು ಮಿಕ್ಕಿದ್ದಲ್ಲ. ಮನೆಯವರ ಪಾಲಿಗೆಂದು ಅಳೆದಿಟ್ಟದ್ದರಲ್ಲೇ ಕಡಿಮೆ ಮಾಡಿದ್ದು. ನಾಲ್ಕು ಮಕ್ಕಳ ತಾಯಿಗೆ ಆ ಹಿಡಿ ಯಾರ ತಟ್ಟೆಯದು ಅಂತ ಚೆನ್ನಾಗಿ ಗೊತ್ತಿರುತ್ತದೆ. ಬಹಳ ಸಲ ಅದು ಅವಳದೇ.

ವಾರಕ್ಕೊಮ್ಮೆ ಸಭೆಯ ಮಹಿಳಾ ಸಂಘದವರು ಚೀಲ ಹಿಡಿದು ಮನೆಮನೆಗೆ ಬರುತ್ತಾರೆ. ಐಜಾಲಿನ ಕೇರಿಗಳನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ: ಒಂದು ಮನೆಯ ಮಾಡು ಇನ್ನೊಂದು ಮನೆಯ ಅಂಗಳ, ನಡುವೆ ಮೆಟ್ಟಿಲೇ ಮೆಟ್ಟಿಲು. ಮೆಟ್ಟಿಲು ಹತ್ತಿ ಇಳಿದು ಚೀಲ ತುಂಬಿಸಿ, ಎಲ್ಲವನ್ನೂ ಒಂದೆಡೆ ಸುರಿದು ತೂಗುತ್ತಾರೆ. ಸಣ್ಣಕ್ಕಿ, ದಪ್ಪಕ್ಕಿ, ರೇಶನ್ ಅಕ್ಕಿ, ಹೊಸದು, ಹಳೆಯದು ಎಲ್ಲ ಕಲಸಿ ಒಂದೇ ರಾಶಿ. ಅದನ್ನು ಸಭೆಯವರಿಗೇ ಪೇಟೆಗಿಂತ ಕಡಿಮೆ ದರಕ್ಕೆ ಮಾರುತ್ತಾರೆ, ಬಂದ ಹಣ ಸಿನಡ್‌ಗೆ. ಬೆರಕೆ ಅಕ್ಕಿ ಒಂದೇ ಹದಕ್ಕೆ ಬೇಯುವುದಿಲ್ಲ ಅನ್ನುವುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಆದರೂ ಕೊಳ್ಳುತ್ತಾರೆ. ಮಿಜೋರಂ ತನಗೆ ಬೇಕಾದಷ್ಟು ಭತ್ತ ಬೆಳೆಯುವ ರಾಜ್ಯವಲ್ಲ, ಈಗ ಆ ಪಾತ್ರೆಗೆ ಬೀಳುವ ಅಕ್ಕಿಯಲ್ಲಿ ಬಹುಪಾಲು ಲಾರಿಯಲ್ಲಿ ಹೊರಗಿನಿಂದ ಬಂದದ್ದು. ಹಿಡಿ ಮಾತ್ರ ಅಲ್ಲಿನದೇ.

ಆರಂಭದಲ್ಲಿ ಈ ಹಣ ಹೋಗುತ್ತಿದ್ದುದು ಹಳ್ಳಿ ಹಳ್ಳಿ ತಿರುಗಿ ಹೆಂಗಸರಿಗೆ ಓದು ಬರಹ, ದೇವರ ವಾಕ್ಯ ಕಲಿಸುತ್ತಿದ್ದ ಬೈಬಲ್ ಮಹಿಳೆಯರ ಸಂಬಳಕ್ಕೆ. ಹೆಂಗಸರ ಕೈಯಿಂದ ಹೆಂಗಸರ ಕೈಗೆ. ಸೌದೆ ಆಯ್ದು ಮಾರಿದ ಹಣವೂ ಸೇರುತ್ತಿತ್ತು. ಇಂದು ಹಿಡಿ ಅಕ್ಕಿಯೊಂದರಿಂದಲೇ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬರುತ್ತದೆ. ಹತ್ತು ರೂಪಾಯಿ ದುಡಿದರೆ ಒಂದು ರೂಪಾಯಿ ಸಭೆಗೆ ಅನ್ನುವ ದಶಮಾಂಶ ಬೇರೆ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆಯೇ ಹನ್ನೊಂದು ಲಕ್ಷ ಮುಟ್ಟಿರಲಿಲ್ಲ ಅನ್ನುವುದನ್ನು ನೆನಪಿಡಿ. ನಮ್ಮ ಹೆಚ್ಚಿನ ಜಿಲ್ಲೆಗಳಿಗೂ ಸಮವಲ್ಲ.

ಈ ರೂಢಿ ಹುಟ್ಟಿದ ಕಾಲ ನೋಡಿದರೆ ಇದು ಬದುಕಿದ್ದೇ ಆಶ್ಚರ್ಯ. ಅಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಒಂದು ಜಾತಿಯ ಬಿದಿರು ಬೆಟ್ಟಕ್ಕೆ ಬೆಟ್ಟವೇ ಹೂಬಿಟ್ಟು ಕಾಯಾಗುತ್ತದೆ. ಕಾಯಿ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಕಾಯಿ ತೀರಿದ ಮೇಲೆ ರಾತ್ರೋರಾತ್ರಿ ಕುಮರಿ ಬೇಸಾಯದ ಪೈರಿಗೆ, ಕಣಜಕ್ಕೆ ನುಗ್ಗುತ್ತವೆ. 'ಮೌತಮ್' ಎಂಬ ಈ ಕ್ಷಾಮ 1911-12ರಲ್ಲಿ ಬಂತು, ಹಿಡಿ ಅಕ್ಕಿ ಶುರುವಾದ ಬೆನ್ನಿಗೇ. ರೂಢಿ ನಿಲ್ಲಲಿಲ್ಲ. ಮತ್ತೆ 1959ರಲ್ಲಿ ಬಂತು. ಆಗ ಸರಕಾರದ ಉಡಾಫೆಗೆ ಸಿಟ್ಟಿಗೆದ್ದ ಜನ ಲಾಲ್‌ಡೆಂಗಾ ನೇತೃತ್ವದಲ್ಲಿ ಕಟ್ಟಿದ ಕ್ಷಾಮ ಪರಿಹಾರದ ಸಂಘಟನೆಯೇ ಮುಂದೆ ಮಿಜೋ ನ್ಯಾಶನಲ್ ಫ್ರಂಟ್ ಆಯಿತು, 1966ರ ಮಾರ್ಚಿನಲ್ಲಿ ಬಂದೂಕು ಹಿಡಿಯಿತು. ಅದೇ ತಿಂಗಳು ನಮ್ಮದೇ ವಾಯುಪಡೆಯ ವಿಮಾನಗಳು ಐಜಾಲಿನ ಮೇಲೆ ದಾಳಿ ಮಾಡಿದವು. ಆಮೇಲೆ ಹಳ್ಳಿಗಳನ್ನು ಖಾಲಿ ಮಾಡಿಸಿ, ರಸ್ತೆ ಬದಿಯ ಕಾವಲಿನ ಶಿಬಿರಗಳಿಗೆ ಜನರನ್ನು ಗುಂಪು ಗುಂಪಾಗಿ ತಂದು ಹಾಕಿದರು. ಹೊಲ ಒಂದು ಕಡೆ, ಮನೆ ಒಂದು ಕಡೆ. ನಾವು ಶಾಲೆಯಲ್ಲಿ ಓದದೇ ಬಿಟ್ಟ ಪಾಠ ಇದು.

ಆ ಗಲಭೆಯ ವರ್ಷಗಳಲ್ಲೇ ವೇಲ್ಸಿನ ಮಿಷನರಿಗಳು ಗಂಟು ಮೂಟೆ ಕಟ್ಟಬೇಕಾಯಿತು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೊರದೇಶದವರು ಹೋದರು, ಸಭೆ ಕುಸಿಯಲಿಲ್ಲ, ಬೆಳೆಯಿತು. ಏಕೆಂದರೆ ಅದರ ಬೊಕ್ಕಸ ಆ ಹೊತ್ತಿಗಾಗಲೇ ಅಡುಗೆಮನೆಗೆ ಬಂದಿತ್ತು. 1986ರ ಜೂನ್ 30ರಂದು ಸಹಿಯಾದ ಶಾಂತಿ ಒಪ್ಪಂದಕ್ಕೆ ದಾರಿ ಮಾಡಿದವರಲ್ಲಿ ಸಭೆಯ ಮುಖಂಡರ ಪಾಲು ದೊಡ್ಡದು. ಬಂಡಾಯಗಾರರೂ ಅವರ ಸಭೆಯ ಮಕ್ಕಳೇ, ಸರಕಾರಿ ನೌಕರರೂ ಅವರ ಸಭೆಯ ಮಕ್ಕಳೇ.

ಖರ್ಚಿನ ಪಟ್ಟಿಗೆ ಬರೋಣ. ಡರ್ಟ್‌ಲಾಂಗ್ ಗುಡ್ಡದ ಮೇಲೆ 1928ರಲ್ಲಿ ವೆಲ್ಷ್ ಡಾಕ್ಟರೊಬ್ಬರು ಶುರುಮಾಡಿದ ಆಸ್ಪತ್ರೆ ಈಗ ಸಿನಡ್ ಕೈಯಲ್ಲಿದೆ, ನರ್ಸಿಂಗ್ ಶಿಕ್ಷಣವೂ ಇದೆ. ಭಾನುವಾರದ ಸಂಡೆ ಸ್ಕೂಲಿಗೆ ಮಕ್ಕಳಷ್ಟೇ ಅಲ್ಲ, ಅಜ್ಜ ಅಜ್ಜಿಯರೂ ಹೋಗುತ್ತಾರೆ. 2011ರ ಜನಗಣತಿಯಲ್ಲೇ ರಾಜ್ಯದ ಸಾಕ್ಷರತೆ ಶೇಕಡಾ 91 ದಾಟಿದ್ದಕ್ಕೆ ಆ ಬೆಂಚುಗಳೂ ಕಾರಣ. ಮ್ಯಾನ್ಮಾರ್ ಗಡಿಯಿಂದ ಹೆರಾಯಿನ್ ಬರುತ್ತದೆ. ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ದೇಶದಲ್ಲೇ ಹೆಚ್ಚು ಇರುವ ರಾಜ್ಯ ಅದು, ಶೇಕಡಾ ಎರಡರ ಮೇಲೆ. ಚಟ ಬಿಡಿಸುವುದು, ರೋಗಿಗಳ ಆರೈಕೆ ಸಭೆಯ ತಲೆಯ ಮೇಲೇ ಬಿದ್ದಿದೆ. ಬಹಳ ಕಾಲ ಸಭೆ ಇದನ್ನು ಪಾಪದ ಲೆಕ್ಕದಲ್ಲಿ ನೋಡಿತು, ಕಾಯಿಲೆಯ ಲೆಕ್ಕದಲ್ಲಿ ನೋಡಲು ತಡಮಾಡಿತು ಅನ್ನುವುದು ನನ್ನ ಅಭಿಪ್ರಾಯ. ಪಾನನಿಷೇಧದಲ್ಲೂ ಅದೇ ಹಟ. 1997ರಲ್ಲಿ ಜಾರಿಯಾಗಿ, 2015ರಲ್ಲಿ ಸಡಿಲವಾಗಿ, 2019ರಲ್ಲಿ ಮತ್ತೆ ಬಂತು. ಕುಡಿಯುವವರು ಕುಡಿಯುತ್ತಲೇ ಇದ್ದಾರೆ.

ಚುನಾವಣೆಯ ವಿಷಯದಲ್ಲಿ ಮಾತ್ರ ಅವರಿಗೆ ಕೈಮುಗಿಯುತ್ತೇನೆ. ಪ್ರೆಸ್ಬಿಟೇರಿಯನ್ ಸಿನಡ್ ಮುಂದಾಗಿ 2006ರಲ್ಲಿ ಮಿಜೋರಂ ಪೀಪಲ್ಸ್ ಫೋರಂ ಎಂಬ ಕಾವಲು ಸಮಿತಿ ಕಟ್ಟಿತು. ಮನೆಮನೆಗೆ ಹೋಗಿ ಮತ ಕೇಳುವಂತಿಲ್ಲ, ಊಟ ಹಾಕಿಸುವಂತಿಲ್ಲ, ಬ್ಯಾನರಿಗೂ ಮಿತಿ. ಎಲ್ಲ ಪಕ್ಷದ ಅಭ್ಯರ್ಥಿಗಳೂ ಒಂದೇ ವೇದಿಕೆಯಲ್ಲಿ ನಿಂತು ಸರದಿಯಂತೆ ಮಾತಾಡಬೇಕು, ಜನ ಕೂತು ಕೇಳುತ್ತಾರೆ. ಕುಕ್ಕರು, ಸೀರೆ, ಬಾಡೂಟ ನೋಡಿ ಬೆಳೆದ ನಮಗೆ ಇದು ಪುರಾಣದ ಕತೆ ಅನ್ನಿಸಬಹುದು. 2023ರಲ್ಲಿ ಮತ ಎಣಿಕೆ ಡಿಸೆಂಬರ್ 3ರ ಭಾನುವಾರ ಬಿದ್ದಾಗ, ಆರಾಧನೆಯ ದಿನ ಬೇಡ ಅಂತ ಅಲ್ಲಿನ ಸಭೆಗಳು, ಪಕ್ಷಗಳು ಕೇಳಿಕೊಂಡು ಅದನ್ನು ಸೋಮವಾರಕ್ಕೆ ಹಾಕಿಸಿದವು. "ಇಷ್ಟು ಬಲ ಒಂದು ಸಭೆಗಿರುವುದು ಒಳ್ಳೆಯದೇ?" ಅನ್ನುವ ನಿಮ್ಮ ಮುಂದಿನ ತಕರಾರು ನನಗೆ ಈಗಲೇ ಕೇಳಿಸುತ್ತಿದೆ. ಅದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ.

ಹೊರಗಿನ ಮಿಷನ್? ಸಾವಿರಕ್ಕೂ ಹೆಚ್ಚು ಮಂದಿಯನ್ನು ಈ ಸಭೆ ಸಂಬಳ ಕೊಟ್ಟು ಹೊರಗೆ ನಿಲ್ಲಿಸಿದೆ. ಅಸ್ಸಾಮಿನ ಬರಾಕ್ ಕಣಿವೆ, ತ್ರಿಪುರ, ಅರುಣಾಚಲ, ಬಿಹಾರ, ನೇಪಾಳ, ಮ್ಯಾನ್ಮಾರ್. ಶಾಲೆ, ಔಷಧಾಲಯ, ಜೊತೆಗೆ ಸುವಾರ್ತೆ. ಮುಚ್ಚುಮರೆ ಇಲ್ಲ. ಹೀಗೆ ಹೋದ ಕಡೆ ಪ್ರತಿಯೊಬ್ಬರೂ ಹೂಹಾರ ಹಾಕುವುದಿಲ್ಲ. ಒಂದು ಕಾಲದಲ್ಲಿ ಮಿಜೋ ಜನರ ಡೋಲನ್ನು ಆರಾಧನೆಯಿಂದ ಹೊರಗಿಟ್ಟವರು ವೆಲ್ಷ್ ಮಿಷನರಿಗಳು. ಹಟ ಮಾಡಿ ಅದನ್ನು ಒಳಗೆ ತಂದು, ತಮ್ಮದೇ ಧಾಟಿಯ ಹಾಡು ಕಟ್ಟಿಕೊಂಡವರು ಮಿಜೋ ಜನ. ಇದನ್ನು ಅನುಭವಿಸಿದವರು ಬ್ರೂ, ಚಕ್ಮಾ ಎಂಬ ಸಣ್ಣ ಬುಡಕಟ್ಟುಗಳ ನಡುವೆ ಹೋದಾಗ ಅವರ ಡೋಲನ್ನು ಗೌರವಿಸಬೇಕಲ್ಲ ಅನ್ನುವುದು ನಾನು ಕೇಳಬಹುದಾದ ಪ್ರಶ್ನೆ.

ಎಲ್ಲಕ್ಕಿಂತ ಸೋಜಿಗದ ಪಯಣ ವೇಲ್ಸಿಗೆ. ಈ ಶತಮಾನದ ಮೊದಲ ದಶಕದಲ್ಲಿ ಮಿಜೋರಂನ ಸಿನಡ್ ತನ್ನ ಪಾಸ್ಟರೊಬ್ಬರನ್ನು ವೇಲ್ಸಿಗೆ ಮಿಷನರಿಯಾಗಿ ಕಳಿಸಿತು. 2021ರ ಜನಗಣತಿಯಲ್ಲಿ ವೇಲ್ಸಿನ ಶೇಕಡಾ 46.5 ಜನ ತಮಗೆ ಯಾವ ಧರ್ಮವೂ ಇಲ್ಲ ಎಂದು ಬರೆಸಿದ್ದಾರೆ. ಕ್ರೈಸ್ತರೆಂದವರು ಶೇಕಡಾ 43.6. ಗಣಿ ಕಾರ್ಮಿಕರು ಕಾಸು ಹಾಕುತ್ತಿದ್ದ ಚಾಪೆಲುಗಳಲ್ಲಿ ಎಷ್ಟೋ ಈಗ ಮನೆಗಳಾಗಿವೆ, ಅಂಗಡಿಗಳಾಗಿವೆ. 1904ರಲ್ಲಿ ಅದೇ ವೇಲ್ಸಿನಲ್ಲಿ ಭಕ್ತಿಯ ಮಹಾಪೂರ ಹರಿದು, ಅದರ ಸುದ್ದಿ ಖಾಸಿ ಬೆಟ್ಟ ಮುಟ್ಟಿ, ಮಿಜೋ ಜನ ಅದನ್ನು ಕಾಣಲು ನಡೆದೇ ಅಲ್ಲಿಗೆ ಹೋಗಿದ್ದರು. ನೂರು ವರ್ಷದ ಮೇಲೆ ಐಜಾಲಿನ ಪಾಸ್ಟರು ವಿಮಾನದಲ್ಲಿ ಹೋಗಿ, ಬೆರಳೆಣಿಕೆಯ ಮುದುಕರಿಗೆ ಪ್ರಸಂಗ ಮಾಡುವಂತಾಯಿತು. ನಿಮ್ಮ ಭಾಷೆಯಲ್ಲಿ, ಹಳೆ ಸಾಲ ಬಡ್ಡಿ ಸಮೇತ ವಾಪಸ್.

ಮನೆಯದೂ ಹೌದು, ಹೊರದೇಶದ್ದೂ ಹೌದು ಅನ್ನುವಂಥ ಕೆಲಸ 2021ರಲ್ಲಿ ಎದುರಾಯಿತು. ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಚಿನ್ ಜನ ತಿಯಾವು ನದಿ ದಾಟಿ ಬರತೊಡಗಿದರು. ಅವರ ಸಂಖ್ಯೆ ಕೊನೆಗೆ ಮೂವತ್ತು ಸಾವಿರವನ್ನೂ ಮೀರಿತು. ಅವರನ್ನು ಒಳಗೆ ಬಿಡಬೇಡಿ ಅಂತ ದೆಹಲಿಯಿಂದ ಆದೇಶ ಬಂತು. ಅವರು ನಮ್ಮ ರಕ್ತಸಂಬಂಧಿಗಳು, ಹೇಗೆ ತಳ್ಳಲಿ ಅಂತ ಮುಖ್ಯಮಂತ್ರಿ ಜೋರಾಮ್‌ಥಂಗಾ ಪ್ರಧಾನಿಗೇ ಪತ್ರ ಬರೆದರು. ಅನ್ನ, ಬಟ್ಟೆ, ತಗಡು, ಬಿದಿರು ಕೊಟ್ಟದ್ದು ಸಭೆಗಳು, ಯಂಗ್ ಮಿಜೋ ಅಸೋಸಿಯೇಶನ್, ಗಡಿಯ ಹಳ್ಳಿಗಳು. 2023ರಲ್ಲಿ ಮಣಿಪುರದಿಂದ ಓಡಿಬಂದ ಕುಕಿ ಜನರಿಗೂ ಅದೇ ಬಾಗಿಲು ತೆರೆಯಿತು. ಹೊಗಳುವಾಗ ಇನ್ನೊಂದನ್ನು ಮರೆಯಬಾರದು. 1997ರಲ್ಲಿ ಇದೇ ಮಿಜೋರಂನಿಂದ ಸಾವಿರಾರು ಬ್ರೂ ಕುಟುಂಬಗಳು ಹೆದರಿ ತ್ರಿಪುರಕ್ಕೆ ಓಡಿದ್ದವು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಶಿಬಿರಗಳಲ್ಲಿ ಕೊಳೆತು, 2020ರ ಒಪ್ಪಂದದ ನಂತರ ಅಲ್ಲೇ ನೆಲೆ ಕಂಡವು. ತನ್ನವರಿಗೆ ಬಾಗಿಲು ತೆರೆಯುವುದು ಸುಲಭ. ಆ ಹಿಡಿಯ ಅಕ್ಕಿ ಬ್ರೂ ಮಕ್ಕಳ ತಟ್ಟೆಗೂ ಹೋಗಿದ್ದರೆ ನನ್ನ ಗೌರವ ಇನ್ನಷ್ಟು ಹೆಚ್ಚುತ್ತಿತ್ತು.

ನಮಗೂ ಅವರಿಗೂ ನಂಟಿಲ್ಲ ಅಂದುಕೊಳ್ಳಬೇಡಿ. ಮಿಜೋ ಪಾಸ್ಟರುಗಳಲ್ಲಿ, ಅಲ್ಲಿನ ದೇವಶಾಸ್ತ್ರದ ಅಧ್ಯಾಪಕರಲ್ಲಿ ಅನೇಕರು ಓದಿದ್ದು ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ. ಅದು ಶುರುವಾದದ್ದೂ 1910ರಲ್ಲೇ. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಿಜೋ ಹುಡುಗ ಹುಡುಗಿಯರು ಭಾನುವಾರ ತಮ್ಮ ಭಾಷೆಯಲ್ಲೇ ಆರಾಧನೆ ನಡೆಸುತ್ತಾರೆ. 2012ರ ಆಗಸ್ಟಿನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಒಂದೆರಡು ದಿನದಲ್ಲೇ ಗುವಾಹಟಿ ರೈಲು ಹತ್ತಿದ್ದು ನೆನಪಿರಬೇಕು. ಪಕ್ಕದ ಮನೆಯವರಾಗಿ ನಾವು ಎಷ್ಟು ಮಂದಿ ಅವರ ಹೆಸರು ಕೇಳಿದ್ದೆವು?

ನಿಮ್ಮ ಎರಡನೆಯ ಪ್ರಶ್ನೆ ಬಾಕಿ ಇದೆ: ಖರ್ಚು ಮಾಡುವವರು ಯಾರು? ಇಲ್ಲಿ ಲೆಕ್ಕ ತಪ್ಪುತ್ತದೆ. ಹಿಡಿ ಹೆಂಗಸರದು, ಚೀಲ ಹೊರುವವರು ಹೆಂಗಸರು, ತೂಗಿ ಮಾರುವವರು ಹೆಂಗಸರು. ಆದರೆ ಆ ಹಣದ ಬಜೆಟ್ ಮಂಜೂರು ಮಾಡುವ ಹಿರಿಯರ ಸಾಲಿನಲ್ಲಿ, ಪಾಸ್ಟರ್ ದೀಕ್ಷೆ ಪಡೆದವರ ಸಾಲಿನಲ್ಲಿ ಶತಮಾನವಿಡೀ ಕೂತವರು ಗಂಡಸರು. ದೇವಶಾಸ್ತ್ರದಲ್ಲಿ ಪದವಿ ಪಡೆದ ಮಿಜೋ ಹೆಂಗಸರೇ ಇದನ್ನು ಪ್ರಶ್ನಿಸಿ ಬರೆದಿದ್ದಾರೆ. ಸಿನಡ್ ಬಹಳ ಕಾಲ ಜಾರಿಕೊಂಡೇ ಬಂದಿದೆ. ಕೆಳಗಿನಿಂದ ಮೇಲಕ್ಕೆ ಕಟ್ಟಿದ ಸಭೆ ಅಂತ ಮೇಲೆ ಬರೆದೆನಲ್ಲ, ಆ ಕಟ್ಟಡದ ಏಣಿ ಅಡುಗೆಮನೆಯವರೆಗೆ ಇಳಿದಿಲ್ಲ. ಒಬ್ಬ ಆಡಿಟರ್ ಆಗಿ ನೀವು ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕಾದ ಸಾಲು ಇದೇ, ಹೊರದೇಶದ ದುಡ್ಡಿನ ಸಾಲಲ್ಲ.

ಕೊನೆಗೊಂದು ಕೆಲಸ ಹಚ್ಚುತ್ತೇನೆ. ಮುಷ್ಟಿ ಅಕ್ಕಿ, ಮುಷ್ಟಿ ಜೋಳ ನಮ್ಮ ಕಡೆಯೂ ಹೊಸದಲ್ಲ. ಮಠದ ದಾಸೋಹಕ್ಕೆ, ಬಡ ಹುಡುಗರ ವಸತಿಗೆ ನಮ್ಮ ಹಳ್ಳಿಯ ಹೆಂಗಸರು ತೆಗೆದಿಟ್ಟದ್ದುಂಟು. ಅದರ ಲೆಕ್ಕ ಬರೆದಿಟ್ಟವರು ಕಡಿಮೆ. ನಿಮ್ಮ ಊರಿನ ಹಳೆಯ ಬೋರ್ಡಿಂಗಿನಲ್ಲೋ ಮಠದಲ್ಲೋ ಚರ್ಚಿನಲ್ಲೋ ಅಂಥ ಒಂದು ವಹಿ ಸಿಕ್ಕರೆ, ಕೊಟ್ಟವರ ಹೆಸರಿರುವ ಪುಟದ ನಕಲು ತೆಗೆದು ನನಗೆ ಕಳಿಸಿ. ಅಂಚೆ ಖರ್ಚು ನನ್ನದು.

ಇಂತಿ,
ನಿಮ್ಮ ಗೆಳೆಯ